ಚೀಟಿಗೆ ಬಾರದ ರಿಪೋರ್ಟು

ಖೋಲಿ ಕೇಳಲು ಹೋದ ನನ್ನೆದುರು ಮನೆಯೊಡತಿ ನಿಂಗಮ್ಮ ತಲೆಯ ಮೇಲಿನ ಸೆರಗು ಸರಿಸಿ ಬೋಳು ತಲೆ ತೋರಿಸಿದರು.

"ಕ್ಯಾನ್ಸರ್ ಅದ ನನಗ. ಮೊದಲೇ ಹೇಳಾಕತ್ತೀನಿ. ಹೆದರಿಕಿ ಆದ್ರ ಬ್ಯಾರೆ ಕಡಿ ನೋಡ್ರಿ."

ನಾನು ಮೈಸೂರಿನಿಂದ ಸುರಪುರಕ್ಕೆ ಬಂದು ಎರಡೇ ದಿನವಾಗಿತ್ತು. ನನ್ನ ದೊಡ್ಡಮ್ಮ ಅಂಡಾಶಯದ ಕ್ಯಾನ್ಸರಿನಿಂದ ತೀರಿಕೊಂಡವರು. ನಮ್ಮ ಮನೆಯಲ್ಲಿ ಕೊನೆಯವರೆಗೂ ಅದನ್ನು ಗ್ಯಾಸ್ಟ್ರಿಕ್ ಎಂದೇ ಕರೆದೆವು. ಇಲ್ಲಿ ಅದೇ ಕಾಯಿಲೆಯನ್ನು ಒಬ್ಬ ಹೆಂಗಸು ಹೊಸ್ತಿಲಲ್ಲಿ ನಿಂತು ಅಪರಿಚಿತಳಿಗೆ ಹೇಳುತ್ತಿದ್ದರು.

"ಹೆದರಿಕೆ ಇಲ್ಲ. ನನ್ನ ಕೆಲಸವೂ ಅದೇ" ಎಂದೆ.

"ಹಂಗಾದ್ರ ಒಳಗ ಬರ್ರಿ. ಲಗ್ನ ಆಗ್ಯದೇನು? ಯಾಕ ಆಗಿಲ್ಲ?"

ಖೋಲಿ ಅಂದರೆ ಇಲ್ಲಿ ಬಾಡಿಗೆಯ ಕೋಣೆ. ರಂಗಂಪೇಟೆಯ ಆ ಖೋಲಿಯ ಚಾವಣಿ ಕಲ್ಲುಚಪ್ಪಡಿಯದು. ಬೇಸಿಗೆಯಲ್ಲಿ ಮಧ್ಯಾಹ್ನ ಅದು ಕಾದು, ಸಂಜೆಯವರೆಗೂ ಕೆಳಗಿದ್ದವರನ್ನು ಬೇಯಿಸುತ್ತಿತ್ತು. ಅನ್ನ ಉಂಡು ಬೆಳೆದ ನನಗೆ ಜೋಳದ ರೊಟ್ಟಿ ಮುರಿಯುವುದೇ ಒಂದು ವಿದ್ಯೆಯಾಯಿತು. ನಿಂಗಮ್ಮನ ಮಗಳು ಮಹಾದೇವಿ ನೋಡಿ ನಗುತ್ತಿದ್ದಳು. "ಅಕ್ಕಾ, ರೊಟ್ಟಿ ತಿನ್ನಾಕತ್ತೀರೋ, ಪರೀಕ್ಷಾ ಬರ್ಯಾಕತ್ತೀರೋ?" ಶಹಾಪುರದ ಬಸ್ಸಿನಲ್ಲಿ "ಸರಕೋರಿ ಅತ್ಲಾಗ" ಎಂದು ಗದರಿ ಮೊದಲ ಸಲ ಸೀಟು ಗಿಟ್ಟಿಸಿದ ದಿನ ಅಮ್ಮನಿಗೆ ಫೋನು ಮಾಡಿ ಹೇಳಿದೆ. ಅಮ್ಮ, "ಹಾಗೆಲ್ಲ ಮಾತಾಡ್ತಾರೇನೇ" ಎಂದರು. ಅವರ ಮೆತ್ತಗಿನ ದನಿ ಕೇಳಿ ಯಾಕೋ ಅಳು ಬಂತು.

ನನ್ನ ಕೆಲಸ ಇಷ್ಟು: ಯಾದಗಿರಿ, ಶಹಾಪುರ, ಸುರಪುರದ ಸುತ್ತ ಅಂಡಾಶಯದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಹೆಂಗಸರ ರಕ್ತ ತೆಗೆದುಕೊಂಡು ಸಂಶೋಧನಾ ಕೇಂದ್ರಕ್ಕೆ ಕಳಿಸುವುದು. ಒಂದೇ ಕಾಯಿಲೆ, ಒಂದೇ ಔಷಧ. ಆದರೂ ಒಬ್ಬರು ಹಲವು ವರ್ಷ ಬದುಕುತ್ತಾರೆ, ಇನ್ನೊಬ್ಬರು ಬೇಗ ಹೋಗುತ್ತಾರೆ. ದೇಹದ ರೋಗನಿರೋಧಕ ಶಕ್ತಿಯನ್ನು ನಡೆಸುವ ವಂಶವಾಹಿಗಳಲ್ಲಿ ಹುಟ್ಟಿನಿಂದಲೇ ಇರುವ ಸಣ್ಣ ವ್ಯತ್ಯಾಸಗಳು ಇದಕ್ಕೆ ಒಂದು ಕಾರಣವೇ ಎಂಬುದು ಪ್ರಶ್ನೆ. ಸಾವಿರಾರು ಜನರ ರಕ್ತವನ್ನು ಒಟ್ಟಿಗೆ ನೋಡಿದರೆ ಏನಾದರೂ ಕಂಡೀತು. ಒಬ್ಬರ ರಕ್ತ ನೋಡಿ ಅವರ ಆಯುಷ್ಯ ಹೇಳಲು ಬರುವುದಿಲ್ಲ.

"ಊರವರದೆಲ್ಲ ತಗೋತಿ, ಮನ್ಯಾಗಿನ ನನ್ನದು ಬ್ಯಾಡೇನು ತಂಗಿ?" ಎಂದು ನಿಂಗಮ್ಮನೇ ಕೈ ಚಾಚಿದರು. ಅವರದೂ ಅಂಡಾಶಯದ ಕ್ಯಾನ್ಸರೇ. ಒಪ್ಪಿಗೆ ಪತ್ರವನ್ನು ಅವರಿಗೆ ಗಟ್ಟಿಯಾಗಿ ಓದಿದೆ. "ವೈಯಕ್ತಿಕ ಫಲಿತಾಂಶವನ್ನು ತಿಳಿಸಲಾಗುವುದಿಲ್ಲ" ಎಂಬ ಸಾಲನ್ನು ಅಚ್ಚಿನಲ್ಲಿದ್ದ ಹಾಗೆಯೇ ಓದಿದೆ. ಅವರು ಹೂಂ ಎಂದು ಸಹಿ ಮಾಡಿದರು. ಮುಂದೆ ಬೇಡವೆನಿಸಿದರೆ ಹೆಸರು ತೆಗೆಸಲೆಂದು ಸಂಖ್ಯೆ ಬರೆದ ಚೀಟಿ ಕೊಟ್ಟೆ. ಇಲ್ಲಿನ ಲ್ಯಾಬುಗಳಲ್ಲಿ ಬೆಳಿಗ್ಗೆ ರಕ್ತ ಕೊಟ್ಟು ಚೀಟಿ ಪಡೆದವರಿಗೆ ಸಂಜೆ ರಿಪೋರ್ಟು ಸಿಗುತ್ತದೆ. ಅದು ನನಗೆ ಹೊಳೆಯಲಿಲ್ಲ.

ಮೂರು ತಿಂಗಳ ಮೇಲೆ ನಾರಾಯಣಪುರದಿಂದ ನಿಂಗಮ್ಮನ ತಮ್ಮ ಭೀಮರಾಯ ಬಂದ. ಮಹಾದೇವಿಯನ್ನು ಅವನಿಗೇ ಕೊಡುವುದೆಂದು ಹಿಂದೆಯೇ ಮಾತಾಗಿತ್ತು. ಸೋದರಮಾವನಿಗೆ ಮಗಳನ್ನು ಕೊಡುವುದು ಈ ಮನೆಗಳಲ್ಲಿ ರೂಢಿ.

"ಅಕ್ಕಾ, ಇನ್ನೆಷ್ಟು ದಿನ ಕಾಯಸ್ತಿ? ನನ್ನ ತಲಿ ಬೆಳ್ಳಗಾದ ಮ್ಯಾಲೇನು?"

"ರಿಪೋರ್ಟ್ ಬರಲಿ ತಡಿ. ನೀನೂ ನಾನೂ ಒಂದ ಹೊಟ್ಟಿಯಾವರು. ನನ್ನ ಬ್ಯಾನಿ ನಿಮ್ಮ ಮಕ್ಕಳಿಗಿ ಹೋಗ್ತದೋ ಇಲ್ಲೋ ನೋಡಬೇಕಿಲ್ಲ? ಚೀಟಿ ಕೊಟ್ಟಾಳ ತಂಗಿ."

ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಆಗಲೇ ಹೇಳಬೇಕಿತ್ತು. ಅವರಿಗೆ ಎರಡನೆಯ ಸಲ ಔಷಧ ಶುರುವಾಗಿತ್ತು, ಅದು ಮುಗಿಯಲಿ ಎಂದುಕೊಂಡೆ. ನೋಯಿಸದ ಮಾತು ಹುಡುಕುತ್ತ ಮೂರು ವಾರ ಕಳೆದೆ. ನಮ್ಮ ಕಡೆ ಇದನ್ನು ಸೌಜನ್ಯ ಎನ್ನುತ್ತೇವೆ.

ಕೊನೆಗೆ ಹೇಳಿದೆ.

"ಅಂದ್ರ ರಿಪೋರ್ಟ್ ಬರಂಗಿಲ್ಲ?"

"ಇಲ್ಲ."

"ಎಂದೂ?"

"ಎಂದೂ ಇಲ್ಲ." ವಂಶದ ಕಾಯಿಲೆಯ ಬಗ್ಗೆ ತಿಳಿಸಿ ಹೇಳುವ ವೈದ್ಯರು ಕಲಬುರಗಿಯಲ್ಲಿ ಬೇರೆ ಇದ್ದಾರೆ, ಮಹಾದೇವಿಯನ್ನೂ ಭೀಮರಾಯನನ್ನೂ ಅವರಲ್ಲಿಗೆ ಕಳಿಸಿ ಎಂದೆ.

ನಿಂಗಮ್ಮ ಕೇಳಿದರು: "ಇಷ್ಟು ಮಾತಿಗಿ ಇಷ್ಟು ದಿನ ಬೇಕಾತೇನ ತಂಗಿ?"

ಅವರಿಬ್ಬರೂ ಕಲಬುರಗಿಗೆ ಹೋಗಿ ಬಂದರು. ವೈದ್ಯರು ಬೇಡವೆಂದೂ ಹೇಳಲಿಲ್ಲ, ಭಯವಿಲ್ಲವೆಂದೂ ಹೇಳಲಿಲ್ಲ. ತಿಳಿದಷ್ಟು ಹೇಳಿ ನಿರ್ಧಾರ ಇವರಿಗೆ ಬಿಟ್ಟರು. "ಮಾಡ್ಕೋತೀನಿ" ಎಂದಳು ಮಹಾದೇವಿ. ಲಗ್ನಕ್ಕೆ ದಿನ ಗೊತ್ತಾಯಿತು. ಅಷ್ಟರಲ್ಲಿ ನಿಂಗಮ್ಮನ ಹೊಟ್ಟೆಯಲ್ಲಿ ನೀರು ತುಂಬತೊಡಗಿತು. ಲಗ್ನಕ್ಕೆ ಎಂಟು ದಿನ ಇರುವಾಗ ಆಸ್ಪತ್ರೆಯಲ್ಲಿ ಹೋದರು. ಸೂತಕದ ಮನೆಯಲ್ಲಿ ಲಗ್ನ ಮುಂದಕ್ಕೆ ಹೋಯಿತು.

ಅವರ ರಕ್ತದ ಕೊಳವೆ ಕೇಂದ್ರದ ಶೀತಲ ಪೆಟ್ಟಿಗೆಯಲ್ಲಿದೆ. ಪಟ್ಟಿಯಲ್ಲಿ ಆ ಸಂಖ್ಯೆಯ ಎದುರು, ಬದುಕಿದ ತಿಂಗಳುಗಳನ್ನು ನಾನೇ ತುಂಬಿದೆ. ಆ ತಿಂಗಳುಗಳಲ್ಲಿ ಎಷ್ಟನ್ನು ಕಾಯುವುದರಲ್ಲಿ ಕಳೆಯಿಸಿದೆ ಎಂದು ಬರೆಯಲು ಅಲ್ಲಿ ಜಾಗವಿಲ್ಲ.

ಮಣ್ಣು ಮಾಡಿ ಬಂದ ಮೂರನೆಯ ದಿನ ಮಹಾದೇವಿ ಹೇಳಿದಳು: "ನೀವು ಅವತ್ತೇ ಹೇಳಿದ್ರ ಅವ್ವ ನನ್ನ ಲಗ್ನ ನೋಡ್ತಿದ್ದಳು ಅಕ್ಕಾ." ಹೌದು ಎಂದೆ.

ರಜೆಗೆ ಮೈಸೂರಿಗೆ ಹೋಗಿದ್ದಾಗ ಚಿಕ್ಕಮ್ಮ ತಮ್ಮ ಸ್ಕ್ಯಾನಿನ ಕಾಗದ ಕೊಟ್ಟರು. ಎಲ್ಲರೂ ಏನೂ ಇಲ್ಲ ಎನ್ನುತ್ತಿದ್ದರು. "ಗಡ್ಡೆ ಇದೆ. ನಾಳೆಯೇ ತೋರಿಸಿ" ಎಂದೆ. ಅಮ್ಮ ನನ್ನನ್ನು ಒಳಗೆ ಕರೆದು, "ಅಲ್ಲಿಗೆ ಹೋಗಿ ಎಷ್ಟು ಒರಟಾಗಿಬಿಟ್ಟೆ" ಎಂದು ಅತ್ತರು.

ಮರಳಿ ರಂಗಂಪೇಟೆಗೆ ಬಂದಿದ್ದೇನೆ. ಮಹಾದೇವಿ ಈಗಲೂ ರೊಟ್ಟಿ ತಂದು ಕೊಡುತ್ತಾಳೆ, ನಗುವುದಿಲ್ಲ. ನಿನ್ನೆ ತಾಟು ಇಟ್ಟು, "ನಿಮ್ಮೂರಿಗಿ ಯಾವಾಗ ಹೋಗ್ತೀರಿ ಅಕ್ಕಾ?" ಎಂದಳು. ಈ ಊರಿನವರು ಕೇಳಬೇಕಾದ್ದನ್ನು ನೇರವಾಗಿ ಕೇಳುತ್ತಾರೆ. ಆದರೂ ಅವಳು ಹೋಗೆನ್ನುತ್ತಿದ್ದಾಳೋ, ಇರೆನ್ನುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಕೇಳದೆ ರೊಟ್ಟಿ ಮುರಿದೆ.