ಕೊನೆಯ ಬೆಂಚಿನ ವೈಫೈ

“ಅಕ್ಕಾ, ನನ್ನ ಗತಿ ಕೇಳು. ಚರ್ಚಿನ ಕಲ್ಲುಗೋಡೆ ದಪ್ಪ, ವೈಫೈ ಡಬ್ಬಿನ ನಡುಗಂಬಕ್ಕೆ ಹಾಕಿದ್ರೆ ಎಲ್ಲರಿಗೂ ಸಿಗುತ್ತೆ ಅಂದ ಮೆಕ್ಯಾನಿಕ್. ಅಂದಗೆಡುತ್ತೆ ಅಂತ ಕಮಿಟಿಯವರು ಕೊನೇ ಬೆಂಚಿನ ಹಿಂದೆ ಹಾಕಿಸಿದ್ರು. ಈಗ ಮುಂದೆ ಕೂರ್ತಿದ್ದ ದೊಡ್ಡೋರೆಲ್ಲ ಫೋನ್ ಹಿಡ್ಕೊಂಡು ನನ್ನ ಜಾಗಕ್ಕೇ ಬಂದ್ರು!”

ಹೀಗೆಂದವನು ಚರ್ಚಿನ ಗಂಟೆ ಹೊಡೆಯುವ ನನ್ನ ತಮ್ಮ. ವಾರವೆಲ್ಲ ದುಡಿಯುವ ಅವನಿಗೆ, ಭಾನುವಾರದ ಉಪದೇಶದ ಹೊತ್ತಿಗೆ ಕೊನೆಯ ಬೆಂಚಿನಲ್ಲಿ ತೆಗೆಯುವ ಕೋಳಿನಿದ್ದೆಯೊಂದೇ ಸುಖ. ಈಗ ಹಿಂದೆ ಜಾಗ ಸಿಗದೆ ಮುಂದಿನ ಸಾಲಿನಲ್ಲಿ ಅವನೊಬ್ಬನೇ. ಪಾದ್ರಿಗಳು ಅವನ ಮುಖ ನೋಡಿಕೊಂಡೇ ಉಪದೇಶ ಮಾಡುತ್ತಾರೆ, ಕಣ್ಣು ಮುಚ್ಚುವಂತಿಲ್ಲ.

“ಡಬ್ಬಿ ನಡುಗಂಬಕ್ಕೆ ಹಾಕಿಸಿ ಫಾದರ್, ಅವರೆಲ್ಲ ಮುಂದಕ್ಕೆ ಬರ್ತಾರೆ,” ಎಂದು ಬೇಡಿಕೊಂಡ.

“ಬೇಡಪ್ಪಾ. ಅವರು ಮುಂದೆ ಬಂದ್ರೂ ಫೋನೇ ನೋಡ್ತಾರೆ, ನೀನು ಹಿಂದಕ್ಕೆ ಹೋಗಿ ಮಲಗ್ತೀಯ. ಈಗ ನೀನೊಬ್ಬನಾದ್ರೂ ಕೇಳ್ತಿದ್ದೀಯಲ್ಲ!”

ತಮ್ಮ ಪೊರಕೆ ತೆಗೆದುಕೊಂಡು ಬೆಂಚುಗಳ ಅಡಿ ಗುಡಿಸತೊಡಗಿದ.