ಭಾನುವಾರದ ಟೀಮ್ ಊಟ

ಜಿಪ್ಪಕ್ಕನಿಗೆ ಅನುಮಾನ ಹುಟ್ಟಿನಿಂದ ಬಂದದ್ದಲ್ಲ, ಕಸುಬಿನಿಂದ ಬಂದದ್ದು. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು ಹಿಡಿಸುವಷ್ಟು ಅಂಗಡಿ ಅವಳದು. ಕಿತ್ತುಹೋದ ಜಿಪ್ಪು ಬದಲಿಸುವುದು, ಪ್ಯಾಂಟಿನ ಸೊಂಟ ಬಿಡಿಸುವುದು, ಉದ್ದವಾದದ್ದನ್ನು ಗಿಡ್ಡ ಮಾಡುವುದು ಕೆಲಸ. ಬಂದವರೆಲ್ಲ ಹೇಳುವುದು ಒಂದೇ ಮಾತು: "ನಾನೇನೂ ಮಾಡಿಲ್ಲ ಅಕ್ಕ, ಮುಟ್ಟಿದ್ದೇ ತಡ ಕಿತ್ಕೊಂಡು ಬಂತು." ಎಳೆದಾಡಿ ಹರಿದದ್ದು ಯಾವುದು, ಹೊಟ್ಟೆ ಬಂದು ಹರಿದದ್ದು ಯಾವುದು ಎಂದು ಅವಳಿಗೆ ನೋಡಿದರೇ ತಿಳಿಯುತ್ತಿತ್ತು. ತಿಳಿದದ್ದನ್ನು ಹೇಳಿಯೂ ಬಿಡುತ್ತಿದ್ದಳು. ಪಕ್ಕದಲ್ಲಿ ಕೂರುವ ಬೀಗದ ಕೈ ಮಾಡುವ ಮುದುಕ, "ಊರವರ ಪ್ಯಾಂಟಿಗೆಲ್ಲ ಜಿಪ್ ಹಾಕ್ತೀಯ, ನಿನ್ನ ಬಾಯಿಗೊಂದು ಹಾಕ್ಕೋಬಾರದೇನಮ್ಮ?" ಎಂದು ರೇಗಿಸುತ್ತಿದ್ದ.

ಇಂಥವಳ ಮಗಳು ಕಾಲೇಜಿನ ವಾಲಿಬಾಲ್ ತಂಡದಲ್ಲಿದ್ದಳು. ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕಾದಷ್ಟು ಎತ್ತರದ ಹುಡುಗಿ. ಕಾಲೇಜಿನವರೇ ಮನೆ ಹುಡುಕಿಕೊಂಡು ಬಂದು ಸೇರಿಸಿಕೊಂಡಿದ್ದರು. ಫೀಸಿಲ್ಲ, ಬಟ್ಟೆ ಬೂಟು ಅವರದೇ, ಆಟಗಾರರಿಗೆಂದು ಊಟದ ಭತ್ಯೆ ಬೇರೆ.

"ಯಾರೂ ಸುಮ್ಮನೆ ಕೊಡಲ್ಲ ಕಣೇ" ಎಂದು ಜಿಪ್ಪಕ್ಕ ಅವತ್ತೇ ಹೇಳಿದ್ದಳು.

"ಸುಮ್ಮನೆ ಎಲ್ಲಮ್ಮ? ಆಡ್ತೀನಲ್ಲ!"

ಕಾಲೇಜಿನ ಗೇಟಿನ ಮೇಲೆ ಮಗಳು ಹಾರಿ ಚೆಂಡು ಹೊಡೆಯುವ ಆಳೆತ್ತರದ ಚಿತ್ರ ಏರಿದಾಗ ಗಲ್ಲಿಯವರೆಲ್ಲ ನೋಡಿ ಬಂದರು. ಚಿತ್ರದ ಕೆಳಗೆ 'ಪ್ರವೇಶ ಆರಂಭವಾಗಿದೆ' ಎಂದಿತ್ತು. ಜಿಪ್ಪಕ್ಕ ಕೇಳಿದ್ದು ಒಂದೇ: "ನಿನ್ನ ಮುಖ ಹಾಕೋಕೆ ನಿನ್ನ ಕೇಳಿದ್ರಾ?" ಮಗಳು ಮುಖ ಊದಿಸಿಕೊಂಡಳು. "ನಿನಗೆ ಸಂತೋಷ ಪಡೋಕೆ ಬರಲ್ಲಮ್ಮ."

ಆಮೇಲೆ ಶುರುವಾದದ್ದು ಭಾನುವಾರಗಳ ಸಮಸ್ಯೆ. ಬೆಳಿಗ್ಗೆ ಪ್ರಾಕ್ಟೀಸ್ ಎಂದು ಹೋದವಳು ಸಂಜೆ ಸೊರಗಿ ಬರುತ್ತಿದ್ದಳು. ಆದರೆ ಆಡಿದವಳ ಮೈಯಿಂದ ಬರಬೇಕಾದ ಬೆವರಿನ ವಾಸನೆ ಇರುತ್ತಿರಲಿಲ್ಲ, ಹುರಿದ ಈರುಳ್ಳಿಯ ವಾಸನೆ ಇರುತ್ತಿತ್ತು. ಅಂಗಿಯ ಬೆನ್ನು ಒಣಗಿರುತ್ತಿತ್ತು, ಹೊಟ್ಟೆಯ ಮೇಲೆ ಮಾತ್ರ ಅಡ್ಡಕ್ಕೊಂದು ಒದ್ದೆ ಪಟ್ಟಿ. ಸಿಂಕಿಗೆ ಒರಗಿ ರಾಶಿ ಪಾತ್ರೆ ತೊಳೆದವಳಿಗೆ ಮಾತ್ರ ಬೀಳುವ ಗುರುತು ಅದು. ಜಿಪ್ಪಕ್ಕನ ಬಟ್ಟೆಗಳಲ್ಲಿ ಆ ಜಾಗದ ಬಣ್ಣವೇ ಹೋಗಿತ್ತು.

ಮನೆಯಲ್ಲಿ ಮಗಳ ಕೈಯಿಂದ ಅವಳು ಒಂದು ಲೋಟವನ್ನೂ ತೊಳೆಸಿದವಳಲ್ಲ. ಹಾಗಿದ್ದ ಮೇಲೆ ಇವಳು ಯಾರ ಪಾತ್ರೆ ತೊಳೆಯುತ್ತಿದ್ದಾಳೆ? ಒಬ್ಬ ಗಂಡಸಿದ್ದಾನೆ, ಇನ್ನೇನು. ಮಗಳ ವಯಸ್ಸಿನಲ್ಲಿ ಜಿಪ್ಪಕ್ಕನೂ ಹಾಗೇ ಒಬ್ಬನಿಗೆ ಒಂದು ಹೊತ್ತು ಅಡುಗೆ ಮಾಡಿಕೊಡಲು ಹೋದವಳು. ಆಮೇಲೆ ಒಲೆಯ ಮುಂದಿನಿಂದ ಏಳಲು ಪುರಸೊತ್ತಾಗಿರಲಿಲ್ಲ. ಆ ಗಂಡ ಈಗ ಲಾರಿ ಓಡಿಸುತ್ತ ಊರೂರು ತಿರುಗುತ್ತಿದ್ದ, ಬಂದಾಗ ನೆಂಟನ ಹಾಗೆ ಕೂತು ತಟ್ಟೆಗೆ ಕಾಯುತ್ತಿದ್ದ.

ಮುಂದಿನ ಭಾನುವಾರ ಅವಳು ಮಗಳ ಬೆನ್ನು ಹತ್ತಿದಳು. ಮಗಳು ಮೈದಾನ ದಾಟಿ, ತಗಡಿನ ಗೇಟಿದ್ದ ಎರಡಂತಸ್ತಿನ ಮನೆಯೊಳಗೆ ಹೋದಳು. ಗೇಟಿನ ಮೇಲಿದ್ದದ್ದು ಕೋಚ್‌ನ ಹೆಸರು. ಇಷ್ಟು ಕೆಟ್ಟದ್ದನ್ನು ಜಿಪ್ಪಕ್ಕನ ಅನುಮಾನ ಕೂಡ ಲೆಕ್ಕ ಹಾಕಿರಲಿಲ್ಲ.

ಹಿಂಬಾಗಿಲಿನಿಂದ ನುಗ್ಗಿದಳು. ಒಳಗೆ ಅಡುಗೆಮನೆಯ ತುಂಬ ಹುಡುಗಿಯರು! ಒಬ್ಬಳು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು, ಒಬ್ಬಳು ಕೋಳಿ ತೊಳೆಯುತ್ತಿದ್ದಳು, ಮಗಳು ಸಿಂಕಿನ ಮುಂದೆ. ಹುಡುಗಿಯರ ತಂಡ ಇಡಿಯಾಗಿ ಅಲ್ಲಿತ್ತು.

"ಅಮ್ಮಾ! ನೀನ್ಯಾಕೆ ಬಂದೆ?"

ಗದ್ದಲಕ್ಕೆ ಕೋಚ್ ಬಂದ. ನಗುಮುಖದ ಮನುಷ್ಯ. "ಓ, ತಾಯಿ! ಬನ್ನಿ ಬನ್ನಿ. ಭಾನುವಾರ ನಮ್ಮಲ್ಲಿ ಟೀಮ್ ಊಟ. ನಮ್ಮದು ಒಂದೇ ಫ್ಯಾಮಿಲಿ ನೋಡಿ. ಮೊದಲು ನನ್ನ ಹೆಂಡ್ತಿನೇ ಮಾಡ್ತಿದ್ಲು. ಒಂದಿನ ಇನ್ನು ನನ್ನ ಕೈಲಿ ಆಗಲ್ಲ ಅಂದುಬಿಟ್ಲು. ಪಾಪ, ಈ ಮಕ್ಕಳೇ ವಹಿಸ್ಕೊಂಡ್ರು."

ಬರೀ ಅಡುಗೆ! ಜಿಪ್ಪಕ್ಕನಿಗೆ ಹೋದ ಜೀವ ಬಂದಂತಾಯಿತು. ಆ ನೆಮ್ಮದಿಯಲ್ಲಿ ಅವಳು ಮಾಡಿದ್ದೇನೆಂದರೆ, ಸೆರಗು ಸಿಕ್ಕಿಸಿ, ಚಾಕು ತೆಗೆದುಕೊಂಡು ಈರುಳ್ಳಿಯ ಮುಂದೆ ಕೂತದ್ದು. "ನೋಡ್ರಮ್ಮ, ಕೈ ಹೇಗೆ ಓಡುತ್ತೆ. ಕಲೀಬೇಕು ಇವರಿಂದ" ಎಂದ ಕೋಚ್. ಅವಳಿಗೆ ಒಳಗೊಳಗೇ ಖುಷಿಯೂ ಆಯಿತು.

ಬುಟ್ಟಿ ಅರ್ಧ ಮುಗಿಯುವಾಗ ಅವಳು ತಲೆಯೆತ್ತಿದಳು. ನಡುಮನೆಯಲ್ಲಿ ಹುಡುಗರ ತಂಡ ಕಾಲು ಚಾಚಿ ಕೂತು ಟೀವಿ ನೋಡುತ್ತಿತ್ತು. ಟೀವಿಯಲ್ಲಿ ಹಿಂದಿನ ವಾರದ ಪಂದ್ಯಗಳು. ಯಾರು ಎಲ್ಲಿ ತಪ್ಪಿದರು, ಯಾರು ಎಲ್ಲಿ ನಿಲ್ಲಬೇಕಿತ್ತು ಎಂದು ಕೋಚ್ ನಿಲ್ಲಿಸಿ ನಿಲ್ಲಿಸಿ ಹೇಳಿಕೊಡುತ್ತಿದ್ದ. ಹುಡುಗಿಯರ ಪಂದ್ಯ ಬಂದಾಗಲೂ ನೋಡುತ್ತಿದ್ದದ್ದು ಹುಡುಗರೇ. ಮಗಳು ನೊರೆ ಕೈಯನ್ನು ಮೇಲೆ ಹಿಡಿದು, ಬಾಗಿಲ ಪಟ್ಟಿಗೆ ಒರಗಿ, ಯಾರದೋ ತಲೆಯ ಸಂದಿಯಲ್ಲಿ ತನ್ನ ಆಟವನ್ನು ತಾನೇ ಇಣುಕಿ ನೋಡುತ್ತಿದ್ದಳು.

"ಏ, ಒಲೆ ನೋಡ್ಕೊಳೇ, ಸೀದೀತು!" ಎಂದ ಕೋಚ್ ತಿರುಗದೆ. ಮಗಳು ಒಳಗೆ ಬಂದಳು.

"ಹುಡುಗರಿಗೆ ಬಿಟ್ಟಿ ಊಟ, ಪಾಠ ಬೇರೆ" ಎಂದು ಜಿಪ್ಪಕ್ಕ ಗೊಣಗಿದಳು.

ಪಕ್ಕದಲ್ಲಿದ್ದ ಗಿಡ್ಡ ಹುಡುಗಿ ಕಿವಿಯ ಹತ್ತಿರ ಬಂದಳು. "ಬಿಟ್ಟಿ ಎಲ್ಲಿ ಆಂಟಿ? ಹುಡುಗರ ಭತ್ಯೆ ಕೈಗೆ ಕೊಡ್ತಾರೆ. ನಮ್ಮದು ಈ ಊಟದಲ್ಲೇ ಸೇರಿಹೋಯ್ತು ಅಂತಾರೆ. ನೀವು ಹೆಚ್ತಿರೋ ಈರುಳ್ಳಿ ನಮ್ಮದೇ."

ಜಿಪ್ಪಕ್ಕ ಚಾಕು ಕೆಳಗಿಟ್ಟಳು. ತಾನು ಇಷ್ಟು ಹೊತ್ತು ಹೆಚ್ಚಿದ ಈರುಳ್ಳಿಯ ರಾಶಿ ನೋಡಿ ಅವಳಿಗೆ ಮೈಯೆಲ್ಲ ಉರಿಯಿತು. ಎದ್ದು ಒಲೆ ಆರಿಸಿದಳು.

"ಸಾರ್, ಇವರೂ ಬಂದು ಪಂದ್ಯ ನೋಡಲಿ. ಆಮೇಲೆ ಬೇಯಿಸೋಣ."

"ಹುಡುಗರಿಗೆ ಹಸಿವಾಗುತ್ತೆ ತಾಯಿ."

"ಆಗಲಿ. ಚೆಂಡು ಹಿಡಿಯೋ ಕೈಗೆ ಸೌಟು ಭಾರವಾ?"

ಹುಡುಗರಲ್ಲಿ ಒಬ್ಬ ಕಿಸಕ್ಕೆಂದ. ಕೋಚ್‌ನ ನಗು ಮಾತ್ರ ಹಾಗೇ ಇತ್ತು. "ಅಂತರ ಕಾಲೇಜು ಪಂದ್ಯ ಹತ್ತಿರ ಬರ್ತಿದೆ. ತಂಡದ ಜೊತೆ ಹೊಂದಿಕೊಳ್ಳದವರನ್ನ ಆಡಿಸೋದು ಕಷ್ಟ ಆಗುತ್ತೆ ನೋಡಿ. ಆಡದೇ ಇದ್ರೆ ಫ್ರೀ ಸೀಟು…" ಎಂದು ಮಾತನ್ನು ಅಲ್ಲೇ ಬಿಟ್ಟ.

ಮನೆಗೆ ಬರುವ ದಾರಿಯುದ್ದಕ್ಕೂ ಮಗಳು ಅತ್ತಳು. "ನನ್ನ ಸೀಟಿಗೆ ಕಲ್ಲು ಹಾಕಿದೆಯಲ್ಲಮ್ಮ! ಪಾತ್ರೆ ತೊಳೆದ್ರೆ ಕೈ ಸವೆದುಹೋಗುತ್ತಾ?"

"ಕೈ ಸವೆಯಲ್ಲ ಕಣೇ. ಅವರು ಆಟ ಕಲೀತಿರ್ತಾರೆ, ನೀನು ತೊಳೀತಿರ್ತೀಯ. ಸವೆಯೋದು ನಿನ್ನ ಆಟ."

ಮಗಳು ಮೂಗು ಒರೆಸಿಕೊಂಡಳು. ಒಪ್ಪಿದಳೋ, ಸುಸ್ತಾದಳೋ, ಜಿಪ್ಪಕ್ಕನಿಗೆ ತಿಳಿಯಲಿಲ್ಲ.

ವಾರದ ಕೊನೆಗೆ ಅಂಗಡಿಯಲ್ಲಿದ್ದಾಗ ಕೋಚ್‌ನ ಫೋನ್ ಬಂತು. ದನಿಯಲ್ಲಿ ಬೆಣ್ಣೆ. "ತಾಯಿ, ನಿಮ್ಮ ಮಾತು ಮನಸ್ಸಿಗೆ ನಾಟಿತು. ಇನ್ಮೇಲೆ ಹುಡುಗೀರೂ ಕೂತು ಪಂದ್ಯ ನೋಡ್ತಾರೆ." ಜಿಪ್ಪಕ್ಕ ಪೆಡಲಿನಿಂದ ಕಾಲು ತೆಗೆದಳು. ಇಷ್ಟು ಸಲೀಸಾಗಿ ಬಗ್ಗುವ ಬಟ್ಟೆಯನ್ನು ಅವಳು ನಂಬುತ್ತಿರಲಿಲ್ಲ. "ಅಡುಗೆಗೆ ನೀವು ತಾಯಂದಿರೆಲ್ಲ ಬಂದುಬಿಡಿ. ನಿಮ್ಮ ಕೈರುಚಿ, ಮಕ್ಕಳಿಗೂ ಖುಷಿ."

"ಹುಡುಗರ ಅಪ್ಪಂದಿರಿಗೂ ಫೋನ್ ಮಾಡಿದ್ರಾ ಸಾರ್?"

ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ ಮಗಳು ಕೈ ಚಾಚಿ ಫೋನ್ ಕಿತ್ತುಕೊಂಡಳು. ಬಯ್ಯುತ್ತಾಳೆ, ಕ್ಷಮೆ ಕೇಳುತ್ತಾಳೆ ಎಂದೇ ಜಿಪ್ಪಕ್ಕ ಅಂದುಕೊಂಡದ್ದು.

"ಸರ್, ಅಮ್ಮ ಬರಲ್ಲ. ಯಾರ ಅಮ್ಮನೂ ಬರಲ್ಲ. ನಾವೆಲ್ಲ ಮಾತಾಡ್ಕೊಂಡಿದ್ದೀವಿ. ನಮ್ಮ ಭತ್ಯೆ ನಮ್ಮ ಕೈಗೆ ಕೊಡಿ, ಊಟ ನಾವು ನೋಡ್ಕೋತೀವಿ. ಇಲ್ಲಾಂದ್ರೆ ಪ್ರಿನ್ಸಿಪಾಲ್ ಹತ್ರ ಹೋಗ್ತೀವಿ, ಎಲ್ಲರೂ."

ಬೀಗದ ಮುದುಕ ಉಜ್ಜುತ್ತಿದ್ದ ಅರವನ್ನು ಕೈಯಲ್ಲೇ ಹಿಡಿದು ಕಿವಿಗೊಟ್ಟಿದ್ದ. "ತಾಯಿದೇ ಬಾಯಿ" ಎಂದ.

ಭತ್ಯೆ ಕೈಗೆ ಬಂತು, ಪ್ರಿನ್ಸಿಪಾಲರ ತನಕ ಹೋಗಬೇಕಾಗಲಿಲ್ಲ. ಅಷ್ಟು ಬೇಗ ಬಂದದ್ದಕ್ಕೆ ಜಿಪ್ಪಕ್ಕನಿಗೆ ಇನ್ನೂ ದಿಗಿಲಾಯಿತು. ಅಂತರ ಕಾಲೇಜು ಪಂದ್ಯದ ದಿನ ಅಂಗಡಿಗೆ ಬಾಗಿಲು ಹಾಕಿ ಹೋದಳು. ಅಂದುಕೊಂಡದ್ದೇ ಆಗಿತ್ತು: ಮಗಳು ಬೆಂಚಿನ ಮೇಲೆ ಕೂತಿದ್ದಳು. "ಮಂಡಿನೋವಂತೆ, ರೆಸ್ಟ್ ಕೊಟ್ಟಿದ್ದೀವಿ" ಎಂದು ಕೋಚ್ ಯಾರಿಗೋ ಹೇಳುತ್ತಿದ್ದ. ಮಂಡಿ ನೆಟ್ಟಗಿದ್ದ ಮಗಳು ಮಂಡಿ ಕುಣಿಸುತ್ತ ಕೂತಿದ್ದಳು.

ಮೊದಲ ಸೆಟ್ ಹೋಯಿತು. ಎರಡನೆಯದೂ ಜಾರತೊಡಗಿತು. ಕಾಲೇಜಿನ ಅಧ್ಯಕ್ಷರು, ಪ್ರಿನ್ಸಿಪಾಲರು ಮುಂದಿನ ಸಾಲಿನಿಂದ ಕೋಚ್‌ನ ಕಡೆ ಕತ್ತು ತಿರುಗಿಸಿದರು. ಕೋಚ್ ಹಣೆ ಒರೆಸಿಕೊಂಡು ಬೆಂಚಿನತ್ತ ಬೆರಳು ಮಾಡಿದ. ಮಗಳು ಎದ್ದಳು.

ಪಕ್ಕದಲ್ಲಿ ಕೂತಿದ್ದ ಗಿಡ್ಡ ಹುಡುಗಿಯ ತಾಯಿ ಜಿಪ್ಪಕ್ಕನ ತೊಡೆ ತಟ್ಟಿದಳು. "ನೋಡಿದ್ರಾ ಅಕ್ಕ, ಎಷ್ಟಂದ್ರೂ ಅವರದು ಒಳ್ಳೆ ಮನಸ್ಸು."

"ಒಳ್ಳೆ ಮನಸ್ಸಲ್ಲಮ್ಮ, ಸೋಲ್ತೀನಿ ಅನ್ನೋ ಭಯ" ಎಂದಳು ಜಿಪ್ಪಕ್ಕ. "ಇರಲಿ ಬಿಡು. ಅವನ ಒಳ್ಳೆ ಮನಸ್ಸಿಗಿಂತ ಅವನ ಭಯಾನೇ ನಂಬಿಕಸ್ಥ."

ಮಗಳು ಅಂಗಳಕ್ಕಿಳಿದಳು. ಜಿಪ್ಪಕ್ಕ ಚೆಂಡನ್ನು ನೋಡಲಿಲ್ಲ, ಆ ಭಯ ಇನ್ನೂ ಅಲ್ಲೇ ಇದೆಯೇ ಎಂದು ಪಂದ್ಯ ಮುಗಿಯುವವರೆಗೂ ಕೋಚ್‌ನ ಮುಖದಿಂದ ಕಣ್ಣು ಕೀಳಲಿಲ್ಲ.