ಕಮಾನಿನ ಮೇಲಿನ ಬಿರುಕು

ಹೊರರಾಜ್ಯದ ಒಂದು ದೊಡ್ಡ ನಗರದಲ್ಲಿ, ನೂರು ವರ್ಷ ದಾಟಿದ ರೈಲ್ವೆ ಕಟ್ಟಡದ ಅಡಿಯಲ್ಲಿ ಮೆಟ್ರೊ ನಿಲ್ದಾಣ ಕಟ್ಟುತ್ತಿದ್ದಾಗ ನಾನು ಅಲ್ಲಿ ಕೆಲಸಕ್ಕಿದ್ದೆ. ಅಗೆಯುವುದಾಗಲಿ, ಕಾಂಕ್ರೀಟ್ ಹಾಕಿಸುವುದಾಗಲಿ ನನ್ನ ಪಾಲಿಗಿರಲಿಲ್ಲ. ಕೆಳಗೆ ಅಗೆಯುವಾಗ ಮೇಲಿನ ಕಟ್ಟಡ ಕದಲುತ್ತಿದೆಯೇ ಎಂದು ನೋಡುವುದಷ್ಟೇ ನನ್ನ ಕೆಲಸ. ಗೋಡೆಯಲ್ಲಿ ಬಿರುಕಿದ್ದ ಕಡೆಯೆಲ್ಲ ಎರಡೆರಡು ಪ್ಲಾಸ್ಟಿಕ್ ಪಟ್ಟಿ ಅಂಟಿಸಿದ್ದೆವು. ಬಿರುಕಿನ ಈಚೆಗೊಂದು, ಆಚೆಗೊಂದು, ತುದಿಗಳು ಒಂದರ ಮೇಲೊಂದು ಬರುವಂತೆ. ಬಿರುಕು ಅಗಲವಾದರೆ ಮೇಲಿನ ಪಟ್ಟಿಯ ಗೆರೆ, ಕೆಳಗಿನ ಪಟ್ಟಿಯ ಮಿಲಿಮೀಟರ್ ಗುರುತುಗಳ ಮೇಲೆ ಸರಿಯುತ್ತದೆ. ದಿನಾ ಬೆಳಿಗ್ಗೆ ಏಣಿ ಹತ್ತಿ, ಎಷ್ಟು ಸರಿದಿದೆ ಎಂದು ನೋಡಿ ಬರೆದುಕೊಳ್ಳುತ್ತಿದ್ದೆ. ಕೆಳಗೆ ಜನ ಎಂದಿನಂತೆ ಟಿಕೆಟ್ ಕೊಂಡು ರೈಲಿಗೆ ಓಡುತ್ತಿದ್ದರು. ತಮ್ಮ ಕಾಲಡಿಯ ಮಣ್ಣನ್ನು ಲಾರಿಗಟ್ಟಲೆ ಹೊರಗೆ ಸಾಗಿಸುತ್ತಿದ್ದಾರೆಂಬುದು ಅವರ ತಲೆಯಲ್ಲಿ ಇದ್ದಂತೆ ಕಾಣುತ್ತಿರಲಿಲ್ಲ.

ನನ್ನೂರು ಆಲೂರಿನ ಹತ್ತಿರ. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ಸಕಲೇಶಪುರದಿಂದ ಕೆಳಗೆ ಎಡಕುಮೇರಿಯ ಕಡೆಗೆ ಇಳಿಯುವ ಘಾಟಿಯಲ್ಲಿ ಹಳಿಯನ್ನೂ ಸುರಂಗಗಳನ್ನೂ ಕಾಯುತ್ತಾ ನಿವೃತ್ತರಾದರು. ನನ್ನ ಕೆಲಸ ಏನೆಂದು ಹೇಳಿದಾಗ ಅವರಿಗೆ ಅಚ್ಚರಿಯಾಗಿತ್ತು.

"ಮೇಲೆ ಜನ ಇರೋವಾಗ್ಲೇ ಕೆಳಗೆ ಕೊರೀತಾರಾ?"

"ಹೂಂ ಅಪ್ಪಾ. ಅದಕ್ಕೇ ನಮ್ಮನ್ನ ಇಟ್ಟಿರೋದು."

"ಹಂಗಾರೆ ನೆಟ್ಟಗೆ ನೋಡು ಮಗಾ," ಎಂದಿದ್ದರು.

ಎರಡನೇ ವರ್ಷದ ಮಳೆಗಾಲದಲ್ಲಿ ಪಾರ್ಸೆಲ್ ಕಚೇರಿಯ ಗುಮಾಸ್ತೆ ನನ್ನನ್ನು ಕರೆದರು. ನಿವೃತ್ತಿಗೆ ಹತ್ತಿರವಾಗಿದ್ದ ಹೆಂಗಸು. ಅವರ ಕೋಣೆಯ ಬಾಗಿಲ ಮೇಲೆ ದೊಡ್ಡದೊಂದು ಕಲ್ಲಿನ ಕಮಾನು, ಅದರಲ್ಲೊಂದು ಹಳೆಯ ಬಿರುಕು. "ಈ ಬಾಗಿಲು ಹದಿನೈದು ದಿನದಿಂದ ನೆಲಕ್ಕೆ ಉಜ್ಜುತ್ತಿದೆ, ನೋಡಮ್ಮ," ಎಂದರು ತಮ್ಮ ಭಾಷೆಯಲ್ಲಿ. ಮಳೆಗೆ ಮರ ಉಬ್ಬಿರುತ್ತದೆ ಎಂದು ಹೇಳಿ ನಾನು ಮುಂದೆ ಹೋದೆ. ಆ ಬಿರುಕಿನ ಗೆರೆ ಆಗ ಎರಡು ಮಿಲಿಮೀಟರ್ ಸರಿದಿತ್ತು. ಮೂರು ದಾಟಿದರೆ ಮಾತ್ರ ಕೆಳಗಿನ ಕೆಲಸ ನಿಲ್ಲಿಸಬೇಕೆಂಬ ನಿಯಮ.

ಮರುವಾರ ಯಾರದೋ ಏಣಿ ತಗುಲಿ ಕಮಾನಿನ ಪಟ್ಟಿ ಮುರಿದುಬಿತ್ತು. ನಾನೇ ಹೊಸದನ್ನು ಅಂಟಿಸಿದೆ. ಹೊಸ ಪಟ್ಟಿಯ ಗೆರೆ ನಟ್ಟನಡುವೆ ಇತ್ತಲ್ಲ, ಪುಸ್ತಕದಲ್ಲಿ ಸೊನ್ನೆ ಎಂದು ಬರೆದೆ. ಅಲ್ಲಿಂದ ಮತ್ತೆ ಎಣಿಸತೊಡಗಿದೆ. ಕಾಲು, ಅರ್ಧ, ಒಂದು, ಒಂದೂವರೆ. ಯಾವ ದಿನವೂ ಗಾಬರಿಯಾಗುವ ಲೆಕ್ಕ ಬರಲಿಲ್ಲ.

ಮಳೆ ನಿಂತ ಮೇಲೆ ನಾಲ್ಕು ದಿನ ರಜೆ ಹಾಕಿ ಊರಿಗೆ ಬಂದೆ. ನಮ್ಮ ಮನೆಯ ಹಿಂದೆ ಎತ್ತರದ ಮಣ್ಣಿನ ಧರೆ, ಅದು ಜಾರದಂತೆ ಕಟ್ಟಿದ ಕಲ್ಲಿನ ಗೋಡೆ. ಬಟ್ಟೆ ಒಣಹಾಕಲು ಹೋದವಳಿಗೆ ಆ ಗೋಡೆಯ ಬಿರುಕಿಗೆ ಅಡ್ಡವಾಗಿ ಮೂರು ಸಿಮೆಂಟ್ ತೇಪೆಗಳು ಕಂಡವು. ಒಂದೊಂದರ ಮೇಲೂ ಮೊಳೆಯಲ್ಲಿ ಗೀಚಿದ ತಾರೀಖು. ಎರಡು ನಡುವೆ ಸೀಳಿದ್ದವು, ಮೂರನೆಯದು ಗಟ್ಟಿಯಾಗಿತ್ತು.

"ಒಡೆದಿದ್ದನ್ನ ಕಿತ್ತು ಅಲ್ಲೇ ಹೊಸದು ಬಳೀಬೋದಿತ್ತಲ್ಲಪ್ಪಾ," ಎಂದೆ.

"ಕಿತ್ರೆ ಗ್ವಾಡೆ ಒಟ್ಟು ಎಷ್ಟು ಸರೀತು ಅಂತ ಹೇಳೋರು ಯಾರು? ಸುರಂಗದಲ್ಲೂ ನಾವು ಹಿಂಗೇ ಮಾಡ್ತಿದ್ದಿದ್ದು ಕಣಮ್ಮ. ಒಡೆದಿದ್ದು ಒಡೆದಂಗೇ ಇರ್ಬೇಕು, ಹೊಸದು ಪಕ್ಕದಲ್ಲಿ."

ಕೈಯಲ್ಲಿದ್ದ ಬಟ್ಟೆ ಹಾಗೇ ಉಳಿಯಿತು. ಎರಡು, ಅದರ ಮೇಲೆ ಒಂದೂವರೆ. ಮಳೆ ನಿಂತರೂ ಪಾರ್ಸೆಲ್ ಕಚೇರಿಯ ಆ ಬಾಗಿಲು ಸಡಿಲವಾಗಿರಲಿಲ್ಲ ಎಂಬುದೂ ಆಗಲೇ ಹೊಳೆಯಿತು. ಅಪ್ಪ ಬಕೆಟ್ ಕೆಳಗಿಟ್ಟು ಹತ್ತಿರ ಬಂದರು.

"ಯಾಕ್ ಮಗಾ, ಮುಖ ಹಂಗಾಯ್ತು?"

ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ.

"ಈಗ ಅಲ್ಲಿ ಅಗೀತಾ ಅವ್ರಾ?"

"ಹೂಂ."

"ಹಂಗಾರೆ ಫೋನ್ ಮಾಡು."

"ಕೆಲಸ ಹೋಗ್ಬುಟ್ರೆ? ನಾಡಿದ್ದು ಹೋಗಿ ನಾನೇ ಪುಸ್ತಕ ಸರಿಮಾಡ್ತೀನಿ."

ಅಪ್ಪ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ನನ್ನ ಮುಖ ನೋಡದೆ ಮಾತಾಡಿದರು. "ಒಂದ್ಸಲ ಘಾಟಿಲಿ ಹಳಿ ಮೇಲುಗಡೆ ಒಂದು ಬಂಡೆ ಸಡ್ಲ ಆಗಿತ್ತು. ನಾನು ನೋಡ್ದೆ. ಸಾಕಾಗೋಗಿತ್ತು, ಜ್ವರ ಬೇರೆ. ಬೆಳಿಗ್ಗೆ ಹೇಳಾನ ಅಂತ ಬಂದು ಮಲ್ಗ್‌ಬುಟ್ಟೆ. ಬೆಳಗಾಗೋದ್ರೊಳಗೆ ಬಂಡೆ ಹಳಿ ಮೇಲಿತ್ತು. ನನ್ ಜೊತೆಯೋನು ಓಡೋಗಿ ಕೆಂಪು ದೀಪ ತೋರ್ಸಿದ್ದಕ್ಕೆ ಗೂಡ್ಸ್ ಗಾಡಿ ನಿಂತ್ಕಂತು. ನಾನು ಮೊದ್ಲೇ ನೋಡಿದ್ದೆ ಅಂತ ಇವತ್ತಿಗೂ ಯಾರ್‌ಗೂ ಹೇಳಿಲ್ಲ. ನಿಮ್ಮವ್ವಂಗೂ ಹೇಳಿಲ್ಲ."

ಅಪ್ಪನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಮ್ಮ ಮನೆಯ ಹತ್ತಿರ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಅವರೇ ಸ್ಕೂಟರ್ ತೆಗೆದು, ಆಲೂರು ರಸ್ತೆಯ ಏರಿನವರೆಗೆ ನನ್ನನ್ನು ಕರೆದುಕೊಂಡು ಹೋದರು.

ಹಿರಿಯ ಎಂಜಿನಿಯರ್ ಫೋನ್ ಎತ್ತಿದರು. ಕಮಾನಿನ ಬಿರುಕಿನ ಹಳೆಯ ಲೆಕ್ಕ ಬಿಟ್ಟು ಸೊನ್ನೆಯಿಂದ ಬರೆದಿದ್ದೇನೆ, ತಪ್ಪು ನನ್ನದು ಎಂದೆ.

"ಎರಡೂ ಕೂಡಿದರೆ ಎಷ್ಟು?"

"ಮೂರೂವರೆ, ಸರ್."

ಅವರು ತಕ್ಷಣ ಫೋನ್ ಇಟ್ಟರು. ನಾನು ಹಿಂತಿರುಗುವಷ್ಟರಲ್ಲಿ ಆ ಭಾಗದ ಅಗೆತ ನಿಂತಿತ್ತು. ಕಮಾನಿಗೆ ಉಕ್ಕಿನ ಆಸರೆ ಕೊಟ್ಟು, ಪಾರ್ಸೆಲ್ ಕಚೇರಿಯನ್ನು ಬೇರೆ ಕೋಣೆಗೆ ಸಾಗಿಸಿದ್ದರು. ಕಮಾನಿನ ಒಂದು ಬದಿಯ ಅಡಿಪಾಯದಲ್ಲಿ ನೀರು ಜಿನುಗಿ ಮಣ್ಣು ಸಡಿಲವಾಗಿತ್ತಂತೆ. ಅದಕ್ಕೆ ಸಿಮೆಂಟ್ ಹಾಲು ಇಳಿಸಿ ಗಟ್ಟಿಮಾಡಲು ಒಂದೂವರೆ ತಿಂಗಳು ಹಿಡಿಯಿತು. ಕಟ್ಟಡಕ್ಕೆ ಏನೂ ಆಗಲಿಲ್ಲ. ಎಲ್ಲರೆದುರು ನಾನು ಬೈಸಿಕೊಂಡೆ. ಮೂರು ತಿಂಗಳು ನಾನು ಬರೆದದ್ದನ್ನು ಇನ್ನೊಬ್ಬರು ಏಣಿ ಹತ್ತಿ ಮತ್ತೆ ನೋಡುತ್ತಿದ್ದರು. ಅವಮಾನವೆನಿಸಿದ್ದು ನಿಜ. ಆದರೆ ಅದು ಅನ್ಯಾಯವೆಂದು ಒಂದು ದಿನವೂ ಅನಿಸಲಿಲ್ಲ.

ಗುಮಾಸ್ತೆಯನ್ನು ಅವರ ಹೊಸ ಕೋಣೆಯಲ್ಲಿ ಕಂಡು ಕ್ಷಮೆ ಕೇಳಿದೆ. ಅವರು ಟೀ ತರಿಸಿದರು. "ಮೂವತ್ತು ವರ್ಷ ಮುಚ್ಚಿ ತೆರೆದ ಬಾಗಿಲು. ನನ್ನ ಕೈಗೆ ಗೊತ್ತಾಗದೇ ಇರುತ್ತದೆಯೇ?" ಎಂದರು. ಆಮೇಲೆ ನಾನು ಯಾವ ಕಟ್ಟಡಕ್ಕೆ ಹೋದರೂ ಪಟ್ಟಿ ಅಂಟಿಸುವ ಮೊದಲು ಅಲ್ಲಿ ಕಸ ಗುಡಿಸುವವರನ್ನೂ ಬೀಗ ಹಾಕುವವರನ್ನೂ ಮಾತಾಡಿಸುತ್ತೇನೆ.

ನಿಲ್ದಾಣ ತೆರೆದ ಮೇಲೆ ಅಪ್ಪನನ್ನು ಕರೆದುಕೊಂಡು ಹೋದೆ. ಎಸ್ಕಲೇಟರ್ ಮೇಲೆ ಕಾಲಿಡಲು ಹಿಂಜರಿದರು. ಕೆಳಗಿಳಿದ ಮೇಲೆ ಮಾತ್ರ ದೀಪ, ಗಾಜು, ಅಂಗಡಿ ಯಾವುದನ್ನೂ ನೋಡಲಿಲ್ಲ. ಗೋಡೆಯ ಬುಡ ನೋಡುತ್ತಾ ಪ್ಲಾಟ್‌ಫಾರಂನ ಆ ತುದಿಯವರೆಗೂ ನಡೆದರು.

"ನೀರು ಎಲ್ಲಿಗೆ ಹೋಯ್ತದೆ?"

ಕೆಳಗಿನ ಗುಂಡಿಯಲ್ಲಿ ಸೇರುತ್ತದೆ, ಅಲ್ಲಿಂದ ಪಂಪು ಮೇಲೆತ್ತುತ್ತದೆ ಎಂದೆ.

"ಒಂದು ಕೆಟ್ರೆ? ಎರಡು ಪಂಪ್ ಐತಾ?"

"ಎರಡು ಐತೆ ಅಪ್ಪಾ."

ತಲೆಯಾಡಿಸಿ, ಅಲ್ಲೇ ಬೆಂಚಿನ ಮೇಲೆ ಕಾಲು ಚಾಚಿ ಕೂತರು.